ಎಲೆ ನೋಡೋ ಮೀಟರ್ ರೀಡಿಂಗ್ ಬಿದ್ರೆ ಮಣ್ಣಿನ ಮೇಲೆ ಗೂಬೆ ಕೂರಿಸೋಕೆ ಮುಂಚೆ ನೋಡ್ಬೇಕಾದ್ದು

ಮಲೆನಾಡಲ್ಲಿ ಯಾವ ಹಳೇ ಅಡಿಕೆ ತೋಟಕ್ಕೆ ಹೋದ್ರೂ ಬೋರ್ಡೋ (ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ಮೈಲುತುತ್ತ-ಸುಣ್ಣದ ದ್ರಾವಣ) ಕಲಸೋ ಜಾಗ ಅಂತ ಒಂದು ಇರತ್ತೆ, ತೀರ್ಥಹಳ್ಳಿ ಕಡೆ ಹೋಗಿ, ಹೊಸನಗರ ಕಡೆ ಹೋಗಿ, ಡ್ರಮ್ ಇಡೋ ಕಟ್ಟೆ, ಅದ್ರ ಬುಡದಲ್ಲಿ ಸುಣ್ಣದ ಗಸಿ, ಕಲ್ಲಿಗೆಲ್ಲ ನೀಲಿ ಬಣ್ಣ ಹತ್ಕೊಂಡಿರತ್ತೆ, ಸುತ್ತ ಹುಲ್ಲು ಕೂಡ ಸರಿಯಾಗಿ ಏಳಲ್ಲ. ಶೇಕಡಾ 1ರ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಬರೀ ತಾಮ್ರ, ಅಂದ್ರೆ 200 ಲೀಟರ್ ಡ್ರಮ್ ಒಂದಕ್ಕೆ ಅರ್ಧ ಕೆಜಿ ತಾಮ್ರ ಬಿತ್ತು. ಮಳೆ ಹಿಡಿಯೋಕೆ ಮುಂಚೆ ಒಂದ್ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದ್ಸಲ, ಮಳೆ ಬಿಡದೇ ಇದ್ರೆ ಮೂರನೇದೂ ಹೊಡೀತಾರೆ, ಚೆಲ್ಲಿದ್ದು, ಡ್ರಮ್ ತೊಳ್ದಿದ್ದು, ತಳದಲ್ಲಿ ಉಳ್ದಿದ್ದು ಎಲ್ಲ ಅಜ್ಜನ ಕಾಲದಿಂದ ಅದೇ ಮೂಲೆಗೆ. ತಾಮ್ರ ಕೊಳ್ತು ಹೋಗೋ ಪದಾರ್ಥ ಅಲ್ಲ, ಮಣ್ಣಿನ ಮೇಲ್ಪದರದಲ್ಲೇ ಅಂಟ್ಕೊಂಡು ಕೂರತ್ತೆ.

ಇಂಥ ಜಾಗದಲ್ಲಿ ಲಾವಂಚ, ಸಾಸಿವೆ ಹಾಕಿ ಮಣ್ಣು ಹಿಡ್ದಿಡೋದು, ಒಂದಿಷ್ಟು ತಾಮ್ರ ಎಳ್ಸೋದು, ಬಸಿಗಾಲುವೆಗೆ ಇಳಿಯೋದನ್ನ ತಡೆಯೋದು ಅಂತ ಕೆಲವ್ರು ಮಾಡ್ತಿದಾರೆ. ಗಿಡ ತಡ್ಕೊಳ್ತಾ ಇದ್ಯಾ ಇಲ್ವಾ ಅಂತ ನೋಡೋಕೆ ಬೆಳಕಿನ ಮೀಟರ್ ಬೇಕು, ಪ್ರತಿಸಲ ಎಲೆ ಕಿತ್ತು ಲ್ಯಾಬಿಗೆ ಕಳ್ಸೋಕೆ ಯಾರ ಹತ್ರ ದುಡ್ಡಿದೆ. ಸಾಮಾನ್ಯವಾಗಿ ಕೈಗೆ ಸಿಗೋದು ಮೂರು ಥರದ್ದು: ಎಲೆಯನ್ನ ಹಿಡ್ಕೊಂಡು ಬೆಳಕು ಎಷ್ಟು ತೂರತ್ತೆ ಅಂತ ನೋಡಿ ಎಲೆಯ ಹಸಿರನ್ನ ಲೆಕ್ಕ ಹಾಕೋ ಸ್ಪ್ಯಾಡ್ ಮೀಟರ್, ಎಲೆಗೆ ಜೋರು ಬೆಳಕು ಹೊಡ್ದು ಅದು ವಾಪಸ್ ಬಿಡೋ ಕೆಂಪು ಮಿನುಗನ್ನ ಓದೋ ಫ್ಲೋರೊಸೆನ್ಸ್ ಮೀಟರ್, ಮೇಲಿಂದ ಹಸಿರು ಎಷ್ಟಿದೆ ಅಂತ ಹೇಳೋ ಎನ್‌ಡಿವಿಐ ಸೆನ್ಸರ್ ಅಥವಾ ಕ್ಯಾಮೆರಾ. ಮೂರೂ ಒಳ್ಳೇವೇ. ಆದ್ರೆ ಮೂರಕ್ಕೂ "ತಾಮ್ರ" ಅಂತ ಒಂದು ಪದಾರ್ಥ ಇದೆ ಅನ್ನೋದೇ ಗೊತ್ತಿಲ್ಲ, ಅವು ನೋಡೋದು ಎಲೆ ಮತ್ತು ಬೆಳಕು ಮಾತ್ರ. ರೀಡಿಂಗ್ ಬಿದ್ದ ತಕ್ಷಣ "ಮಣ್ಣಲ್ಲಿ ವಿಷ ಜಾಸ್ತಿ ಆಗಿದೆ" ಅಂತ ರಿಪೋರ್ಟ್ ಬರೆಯೋರನ್ನ ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದೀನಿ. ಮಲೆನಾಡಲ್ಲಿ ರೀಡಿಂಗ್ ಬೀಳೋಕೆ ಮಣ್ಣಿಗಿಂತ ಮುಂಚೆ ಹತ್ತು ಕಾರಣ ಸಾಲಾಗಿ ನಿಂತಿರತ್ತೆ.

ಮೊದ್ಲು ಮೀಟರ್ರೇ ಸರಿ ಇದ್ಯಾ

ಇದಕ್ಕೆ ಐದು ನಿಮಿಷ ಸಾಕು, ಆದ್ರೂ ಯಾರೂ ಮಾಡಲ್ಲ. ಸ್ಪ್ಯಾಡ್ ಮೀಟರ್ ಆನ್ ಮಾಡಿದ ಪ್ರತಿಸಲ ಎಲೆ ಇಡದೇ ಖಾಲಿ ಬಾಯಿ ಮುಚ್ಚಿ ಕ್ಯಾಲಿಬ್ರೇಟ್ ಮಾಡ್ಬೇಕು, ಆ ಹೊತ್ತಲ್ಲಿ ಕಿಟಕಿ ಮೇಲೆ ಒಂದು ಹನಿ ನೀರೋ ಒಣಗಿದ ಎಲೆ ಚೂರೋ ಇದ್ರೆ ಆ ದಿನದ ಎಲ್ಲ ರೀಡಿಂಗೂ ಕೆಟ್ಟಂಗೆ. ಮೀಟರ್ ಸರಿ ಇದ್ಯಾ ಅಂತ ನೋಡೋಕೆ ಜೊತೆಗೆ ಬಂದಿರೋ ಚೆಕ್ಕರ್ ಇರತ್ತಲ್ಲ, ಅದ್ರ ಮೇಲೆ ಬರೆದಿರೋ ಸಂಖ್ಯೆಗೆ ಹತ್ರ ಬರತ್ತಾ ನೋಡಿ, ಬರದೇ ಇದ್ರೆ ಮೊದ್ಲು ಕಿಟಕಿ ಒರೆಸಿ, ಆಮೇಲೆ ಬ್ಯಾಟರಿ ಬದಲಾಯಿಸಿ, ಆಗ್ಲೂ ಬರದಿದ್ರೆ ಸರ್ವೀಸಿಗೆ.

ಫ್ಲೋರೊಸೆನ್ಸ್ ಮೀಟರಿಗೆ ನಾನು ಹೇಳೋ ಟೆಸ್ಟ್ ಅಂಗಳದ ದಾಸವಾಳ. ನೆರಳಲ್ಲಿ ಬೆಳೆದ, ಚೆನ್ನಾಗಿ ಬಲಿತ ಒಂದು ಎಲೆ ಕಿತ್ತು ಒದ್ದೆ ಬಟ್ಟೇಲಿ ಸುತ್ತಿ ಅರ್ಧ ಗಂಟೆ ಕತ್ತಲಲ್ಲಿ ಇಡಿ, ಆಮೇಲೆ ಎಫ್‌ವಿ ಬೈ ಎಫ್‌ಎಂ ತಗೊಳಿ (ಎಲೆ ಬೆಳಕನ್ನ ಎಷ್ಟು ಚೆನ್ನಾಗಿ ಬಳಸ್ತಿದೆ ಅನ್ನೋ ಅನುಪಾತ, ಬಿಡಿಸಿ ಮುಂದೆ ಹೇಳ್ತೀನಿ). 0.8ರ ಆಸುಪಾಸು, 0.83ರ ತನಕ ಬಂದ್ರೆ ಮೀಟರ್ ಆರೋಗ್ಯವಾಗಿದೆ. ಅದೇ ಎಲೆಯ ಇನ್ನೊಂದು ತುಂಡನ್ನ ಕುದಿಯೋ ನೀರಲ್ಲಿ ಅದ್ದಿ ತೆಗ್ದು ನೋಡಿ, ಸೊನ್ನೆ ಹತ್ರ ಬರ್ಬೇಕು. ಸತ್ತ ಎಲೆಗೂ 0.5 ತೋರ್ಸಿದ್ರೆ ಗಿಡದ ವಿಚಾರ ಬಿಡಿ, ಸಮಸ್ಯೆ ಡಬ್ಬಿ ಒಳಗಿದೆ.

ಇನ್ನೊಂದು ನಮ್ಮೂರಿನ ಸ್ಪೆಷಲ್ ಕಾಯಿಲೆ ಅಂದ್ರೆ ಲೆನ್ಸಿಗೆ ಬೂಷ್ಟು. ಆಗುಂಬೆ ಸೀಮೆಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿ ಬೆಲ್ಟು ಬಿಡಲ್ಲ, ಪುಸ್ತಕ ಬಿಡಲ್ಲ, ಆಪ್ಟಿಕ್ಸ್ ಬಿಡತ್ತಾ. ಟಾರ್ಚ್ ಹಾಕಿ ಓರೆಯಾಗಿ ನೋಡಿದ್ರೆ ಜೇಡರ ಬಲೆ ಥರ ಸಣ್ಣ ಎಳೆ ಕಾಣ್ಸತ್ತೆ. ಬೆಳಕು ಕಮ್ಮಿ ಹೋಗತ್ತೆ, ಕಮ್ಮಿ ಬರತ್ತೆ, ಸಂಖ್ಯೆ ಮೆಲ್ಲಗೆ ತಿಂಗಳುಗಟ್ಟಲೆ ಇಳೀತಾ ಹೋಗತ್ತೆ, ನೋಡೋರಿಗೆ ಗಿಡ ನಿಧಾನಕ್ಕೆ ಸಾಯ್ತಾ ಇದೆ ಅಂತ ಅನ್ಸತ್ತೆ. ಗಾಳಿ ಆಡದ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ ಇಡಿ, ಬಣ್ಣ ತಿರುಗಿದ್ರೆ ಬಾಣಲೇಲಿ ಸಣ್ಣ ಉರಿಲಿ ಬಿಸಿ ಮಾಡಿ ಮತ್ತೆ ಹಾಕಿ. ಒಲೆ ಮೇಲಿನ ಅಟ್ಟದಲ್ಲಿ ಇಟ್ರೆ ಒಣ ಇರತ್ತೆ ಅಂತ ಕೆಲವ್ರು ಇಡ್ತಾರೆ, ಹೊಗೆ ಕೂತು ಅದೂ ಇನ್ನೊಂದು ತಲೆನೋವು.

ಎಲೆ ಮೇಲೆ ಏನಿದೆ

ಮೀಟರ್ ಸರಿ ಅಂತಾಯ್ತು, ಈಗ ಎಲೆಗೆ ಬನ್ನಿ. ಮಣ್ಣು ಮಣ್ಣು ಅಂತ ಎಲ್ರೂ ಕೆಳಗೆ ನೋಡ್ತಾರೆ, ಎಲೆಯ ಮೇಲ್ಮೈಯನ್ನ ಕಣ್ಣಿಗೆ ಹತ್ರ ಹಿಡಿದು ನೋಡೋರು ಕಮ್ಮಿ.

ಬೆಳಗ್ಗೆ ಮಂಜು ಇರೋ ದಿನ ಒಂಬತ್ತು ಒಂಬತ್ತೂವರೆ ತನಕ ಎಲೆ ಒದ್ದೆ ಇರತ್ತೆ. ನೀರಿನ ಹನಿ ಬೆಳಕನ್ನ ತಿರುಗಿಸತ್ತೆ, ಸ್ಪ್ಯಾಡ್ ಸಂಖ್ಯೆ ಒಂದೇ ಎಲೇಲಿ ಮೇಲೆ ಕೆಳಗೆ ಕುಣೀತಾ ಇದ್ರೆ ಮೊದಲ ಅನುಮಾನ ಇದೇ. ಒಣ ಹತ್ತಿ ಬಟ್ಟೇಲಿ ಒತ್ತಿ ತೆಗೀಬೇಕು, ಉಜ್ಜಬಾರದು. ಬೇಸಿಗೇಲಿ ಉಲ್ಟಾ, ರಸ್ತೆ ಬದಿ ಪ್ಲಾಟ್ ಆದ್ರೆ ಕೆಂಪು ಧೂಳು ಪದರ ಕಟ್ಟಿರತ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ ನೆರಳಲ್ಲಿರೋ ಹಳೇ ಎಲೆಗಳ ಮೇಲೆ ಪಾಚಿ ಪದರ ಬರತ್ತೆ, ಇದು ಇನ್ನೂ ಮೋಸ, ಯಾಕಂದ್ರೆ ಪಾಚಿಲೂ ಕ್ಲೋರೊಫಿಲ್ ಇದೆ, ಮೀಟರ್ ಅದನ್ನೂ ಸೇರಿಸಿ ಓದತ್ತೆ, ಎಲೆ ಸೊರಗಿದ್ರೂ ರೀಡಿಂಗ್ ಚೆನ್ನಾಗಿ ಬರತ್ತೆ.

ಇದೆಲ್ಲಕ್ಕಿಂತ ದೊಡ್ಡದು ಬೋರ್ಡೋ ಫಿಲ್ಮ್. ಪ್ಲಾಟ್ ಇರೋದೇ ತೋಟದ ಪಕ್ಕ, ಕೊನೆಗಾರ ಮರದ ಮೇಲೆ ಕೂತು ಗೊನೆಗೆ ಔಷಧಿ ಹೊಡೀತಿದ್ರೆ ಗಾಳಿಗೆ ಬಂದ ತುಂತುರು ಸೀದಾ ನಿಮ್ಮ ಸಾಸಿವೆ ಮೇಲೆ. ಒಣಗಿದ ಮೇಲೆ ತೆಳು ನೀಲಿ-ಬಿಳಿ ಚುಕ್ಕೆ, ಕೆಲವುಸಲ ಪೂರ್ತಿ ಪದರ. ಬೋರ್ಡೋ ಮಾಡಿರೋದೇ ಮಲೆನಾಡಿನ ಮಳೆಗೂ ತೊಳ್ಕೊಂಡು ಹೋಗ್ಬಾರ್ದು ಅಂತ, ಹಾಗಾಗಿ ಅದು ಬೇಗ ಹೋಗಲ್ಲ. ಫಿಲ್ಮ್ ಇದ್ದ ಜಾಗದಲ್ಲಿ ಬೆಳಕು ಒಳಗೆ ಹೋಗೋ ಬದಲು ವಾಪಸ್ ಹಾರತ್ತೆ, ಕ್ಯಾಮೆರಾಗೆ ಎಲೆ ಬೆಳ್ಳಗೆ ಕಾಣ್ಸತ್ತೆ, ಎನ್‌ಡಿವಿಐ ಬೀಳತ್ತೆ, ಸ್ಪ್ಯಾಡ್ ಲೆಕ್ಕ ತಪ್ಪತ್ತೆ. ಲ್ಯಾಬಿಗೆ ಆ ಎಲೆ ಕಳಿಸಿದ್ರೆ ಇನ್ನೂ ಅನಾಹುತ, ಎಲೆ ಮೇಲೆ ಕೂತ ತಾಮ್ರ ಎಲೆ ಒಳಗಿನ ತಾಮ್ರ ಅಂತ ಲೆಕ್ಕಕ್ಕೆ ಬಂದು "ಸಾಸಿವೆ ಎಷ್ಟೊಂದು ತಾಮ್ರ ಎಳೆದಿದೆ" ಅಂತ ಖುಷಿ ಪಡೋ ಹಾಗೆ ಆಗತ್ತೆ. ಇದಕ್ಕೆ ಒಂದೇ ದಾರಿ ನನಗೆ ಸರಿ ಅನ್ಸೋದು: ಔಷಧಿ ಹೊಡೆದ ದಿನ ಪ್ರತಿ ಗಿಡದಲ್ಲೂ ಆಗ ಇದ್ದ ಕಡೇ ಎಲೆಗೆ ಒಂದು ದಾರ ಕಟ್ಟಿ ಗುರುತು ಮಾಡಿ, ಆಮೇಲೆ ಆ ದಾರಕ್ಕಿಂತ ಮೇಲೆ ಬಂದ ಹೊಸ ಎಲೆಯನ್ನ ಮಾತ್ರ ಅಳೀರಿ. ತೋಟದೋರಿಗೆ "ಅಣ್ಣಾ, ಕೊಳೆ ಔಷಧಿಗೆ ಆಳು ಬರೋ ಹಿಂದಿನ ದಿನ ಒಂದು ಫೋನ್ ಹಾಕಿ" ಅಂತ ಹೇಳಿಟ್ರೆ ಪ್ಲಾಟ್ ಮೇಲೆ ಟಾರ್ಪಾಲ್ ಎಳೆಯೋಕೂ ಟೈಮ್ ಸಿಗತ್ತೆ, ಆದ್ರೆ ಹೊಡೆದು ಮುಗಿದ ಕೂಡ್ಲೇ ತೆಗೀರಿ, ಇಲ್ದಿದ್ರೆ ಒಳಗೆ ಬೆಂದುಹೋಗತ್ತೆ.

ಲಾವಂಚದ ಎಲೆ ಸ್ಪ್ಯಾಡ್ ಬಾಯಿಗೆ ಸರಿಯಾಗಿ ಕೂರಲ್ಲ

ಲಾವಂಚದ ಎಲೆ ಬೆರಳಿಗಿಂತ ಸಪೂರ, ನಡುವೆ ನರದ ಹತ್ರ ದೋಣಿ ಥರ ಮಡಚ್ಕೊಂಡಿರತ್ತೆ. ಸ್ಪ್ಯಾಡ್ ನೋಡೋ ಕಿಟಕಿ 2 ಮಿಮೀ ಗೆ 3 ಮಿಮೀ, ಚಿಕ್ಕದೇ, ಆದ್ರೂ ಎಲೆಯನ್ನ ಸುಮ್ನೆ ಅಡ್ಡ ಇಟ್ಟು ಒತ್ತಿದ್ರೆ ನಡುನರದ ಮೇಲೇ ಕೂರತ್ತೆ, ಇಲ್ಲಾ ಮಡಿಕೆ ಎರಡು ಪದರ ಆಗಿ ಬೀಳತ್ತೆ. ನರದ ಮೇಲೆ ಬಿದ್ರೆ ಒಂದು ಸುಳ್ಳು, ಎರಡು ಪದರ ಆದ್ರೆ ಹಸಿರು ದುಪ್ಪಟ್ಟು ಇದೆ ಅಂತ ಇನ್ನೊಂದು ಸುಳ್ಳು. ಎಲೆಯನ್ನ ಎಡಗೈ ಹೆಬ್ಬೆರಳು ತೋರುಬೆರಳಲ್ಲಿ ಬಿಡಿಸಿ ಹಿಡ್ದು, ನರದ ಒಂದು ಪಕ್ಕಕ್ಕೆ ಮಾತ್ರ ಕಿಟಕಿ ಬರೋ ಹಾಗೆ ಇಟ್ಟು ಒತ್ತಿ. ಕಿಟಕಿ ಅಂಚಿಂದ ಬೆಳಕು ಸೋರ್ತಾ ಇದ್ರೆ ಆ ರೀಡಿಂಗ್ ಅಳಿಸಿಬಿಡಿ. ಗಿಡಕ್ಕೆ ಒಂದೇ ರೀಡಿಂಗ್ ತಗೊಂಡು ಓಡಬೇಡಿ, ತುದಿ ಒಣಗಿರತ್ತೆ, ಬುಡ ತಿಳಿ ಇರತ್ತೆ, ಎಲೆ ಉದ್ದದ ನಡುಭಾಗದಲ್ಲಿ ನಾಲ್ಕೈದು ಕಡೆ ತಗೊಂಡು ಸರಾಸರಿ ಹಾಕಿ. ಮತ್ತೆ ಲಾವಂಚದ ಸ್ಪ್ಯಾಡನ್ನ ಸಾಸಿವೆಯ ಸ್ಪ್ಯಾಡ್ ಜೊತೆ ಹೋಲಿಸೋದು ಅರ್ಥ ಇಲ್ಲದ ಕೆಲ್ಸ, ಎಲೆ ದಪ್ಪ ಬೇರೆ, ಒಳಗಿನ ಕಟ್ಟು ಬೇರೆ.

ಫ್ಲೋರೊಸೆನ್ಸ್ ಬಿದ್ದಿದೆ ಅಂದ್ರೆ

ಜಗಳ ಜಾಸ್ತಿ ಇರೋದೇ ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಕತ್ತಲಲ್ಲಿ ಇಟ್ಟ ಎಲೆಯ ದ್ಯುತಿಸಂಶ್ಲೇಷಣೆ ಬಾಗಿಲುಗಳೆಲ್ಲ ತೆರೆದಿರತ್ತೆ, ಆಗ ಬರೋ ಕನಿಷ್ಠ ಮಿನುಗು ಎಫ್‌ಓ. ಜೋರು ಫ್ಲ್ಯಾಶ್ ಹೊಡೆದಾಗ ಎಲ್ಲ ಬಾಗಿಲೂ ಒಮ್ಮೆಗೇ ಮುಚ್ಚಿ ಗರಿಷ್ಠ ಮಿನುಗು ಬರತ್ತೆ, ಅದು ಎಫ್‌ಎಂ. ಎರಡರ ನಡುವಿನ ಅಂತರವನ್ನ ಎಫ್‌ಎಂನಿಂದ ಭಾಗಿಸಿದ್ರೆ ಸಿಗೋದು ಎಫ್‌ವಿ ಬೈ ಎಫ್‌ಎಂ. ಕತ್ತಲಿಂದ ಬೆಳಕಿಗೆ ಬಂದ ಎಲೆಯ ಮಿನುಗು ಏರಿ ಇಳಿಯತ್ತೆ ಅಂತ ಹ್ಯಾನ್ಸ್ ಕೌಟ್ಸ್ಕಿ 1931ರಲ್ಲೇ ತೋರಿಸಿದ್ದು, ಇವತ್ತಿನ ಎಲ್ಲ ಮೀಟರಿನ ಬೇರೂ ಅಲ್ಲೇ ಇದೆ.

ಆ 0.83 ಅನ್ನೋ ಸಂಖ್ಯೆ ಹಿಡ್ಕೊಂಡು ಎಲ್ಲ ಗಿಡಕ್ಕೂ ಮಾರ್ಕ್ಸ್ ಹಾಕೋದೇ ಮೊದಲ ತಪ್ಪು. ದ್ಯುತಿಸಂಶ್ಲೇಷಣೆ ಮಾಡೋ ರೀತಿ ನೋಡಿ ಗಿಡಗಳನ್ನ ಸಿ3, ಸಿ4 ಅಂತ ಗುಂಪು ಮಾಡ್ತಾರೆ, ಸಾಸಿವೆ, ದಾಸವಾಳದಂಥ ಸಿ3 ಗಿಡಕ್ಕೆ ಅದು ಸರಿ. ಲಾವಂಚ ಸಿ4 ಜಾತಿ ಹುಲ್ಲು, ಜೋಳ ಕಬ್ಬಿನ ಗುಂಪು, ಇವುಗಳಲ್ಲಿ ಬೆಳಕು ಹಿಡಿಯೋ ಇನ್ನೊಂದು ಫೋಟೋಸಿಸ್ಟಮ್‌ನ ಮಿನುಗೂ ಬೆರೆತು ಆರೋಗ್ಯವಾಗಿದ್ರೂ 0.78ರ ಹತ್ರವೇ ನಿಲ್ಲತ್ತೆ. 0.77 ಬಂತು ಅಂತ ಲಾವಂಚಕ್ಕೆ ವಿಷ ಹತ್ತಿದೆ ಅಂದ್ರೆ ಅದು ಗಿಡಕ್ಕೆ ಮಾಡೋ ಅನ್ಯಾಯ. ಶುದ್ಧ ಮಣ್ಣಲ್ಲಿ ಅದೇ ತಳಿ, ಅದೇ ವಯಸ್ಸು, ಅದೇ ಬಿಸಿಲು ಇರೋ ಹೋಲಿಕೆ ಗಿಡ ಇಟ್ಕೊಳಿ, ಪುಸ್ತಕದ ಸಂಖ್ಯೆಗಿಂತ ಅದು ನಂಬಿಕಸ್ತ.

ಎರಡನೇದು ಕತ್ತಲ ಕ್ಲಿಪ್, ಅಂದ್ರೆ ಅಳೆಯೋಕೆ ಮುಂಚೆ ಎಲೆಗೆ ಬೆಳಕು ಬೀಳದ ಹಾಗೆ ಮುಚ್ಚಿಡೋದು. 20 ನಿಮಿಷ ಅಂತ ಎಲ್ಲೋ ಓದಿರ್ತಾರೆ, ಹನ್ನೆರಡು ನಿಮಿಷಕ್ಕೇ ಜೊತೆಗೆ ಬಂದ ಹುಡುಗ "ಸರ್, ಕ್ಲಿಪ್ ತೆಗ್ದುಬಿಡ್ಲಾ, ಮಳೆ ಬರೋ ಹಾಗಿದೆ" ಅಂತ ಕೇಳ್ತಾನೆ, ಇವ್ರು ಹೂಂ ಅಂತಾರೆ. ನಿಮ್ಮ ಗಿಡಕ್ಕೆ ಎಷ್ಟು ಹೊತ್ತು ಬೇಕು ಅಂತ ಗಿಡವನ್ನೇ ಕೇಳ್ಬೇಕು: ಅಕ್ಕಪಕ್ಕದ ಒಂದೇ ಥರದ ಎಲೆಗಳಿಗೆ ಕ್ಲಿಪ್ ಹಾಕಿ 10, 20, 30, 40 ನಿಮಿಷಕ್ಕೆ ಒಂದೊಂದರಂತೆ ಅಳೀರಿ, ಸಂಖ್ಯೆ ಏರೋದು ನಿಂತ ಜಾಗವೇ ನಿಮ್ಮ ಟೈಮ್. ಕಡು ಬಿಸಿಲಲ್ಲಿದ್ದ ಎಲೆಗೆ 30 ನಿಮಿಷವೂ ಸಾಲ್ದೇ ಹೋಗ್ಬೋದು.

ಕ್ಲಿಪ್‌ನ ಫೋಮ್ ಹಳೇದಾಗಿ ಕುಗ್ಗಿದ್ರೆ ಬೆಳಕು ಒಳಗೆ ಸೋರತ್ತೆ. ಲಾವಂಚದ ಮಡಿಕೆ ಎಲೆಗೆ ಹೊಸ ಫೋಮಲ್ಲೂ ಸೋರತ್ತೆ. ಟೆಸ್ಟ್ ಸುಲಭ, ಕ್ಲಿಪ್ ಹಾಕಿದ ಒಂದು ಎಲೆ ಮೇಲೆ ದಪ್ಪ ಕಪ್ಪು ಬಟ್ಟೆ ಮುಚ್ಚಿ, ಪಕ್ಕದ್ದನ್ನ ಹಾಗೇ ಬಿಡಿ, ಎರಡರ ರೀಡಿಂಗ್ ಬೇರೆ ಬಂದ್ರೆ ಸೋರಿಕೆ ಇದೆ.

ಇಷ್ಟೆಲ್ಲ ತಲೆಬಿಸಿ ಬೇಡ ಅಂದ್ರೆ ಬೆಳಗಿನ ಜಾವ ಹೋಗಿ. ಸೂರ್ಯ ಹುಟ್ಟೋಕೆ ಮುಂಚೆ ಎಲೆ ರಾತ್ರಿಯಿಡೀ ಕತ್ತಲಲ್ಲೇ ಇರತ್ತೆ, ಕ್ಲಿಪ್ಪಿನ ಗೊಡವೆನೇ ಇಲ್ಲ, ಮಂದ ಹಸಿರು ಟಾರ್ಚ್ ಹಿಡ್ಕೊಂಡು ಹೋದ್ರೆ ಆಯ್ತು (ಕಾಲಬುಡದಲ್ಲಿ ಹಾವು ಇದ್ಯಾ ಅಂತ ನೋಡ್ಕೊಂಡು ಮಾರಾಯ್ರೇ, ಲಾವಂಚದ ಬುಡ ತಂಪು, ಕಪ್ಪೆ ಬರತ್ತೆ, ಹಿಂದೇನೇ ಅದೂ ಬರತ್ತೆ). ಎಲೆ ಒದ್ದೆ ಇದ್ರೆ ಮಾತ್ರ ಒತ್ತಿ ಒರೆಸ್ಕೊಳಿ. ಈ ಬೆಳಗಿನ ರೀಡಿಂಗಿಗೂ ಮಧ್ಯಾಹ್ನದ ರೀಡಿಂಗಿಗೂ ಇರೋ ವ್ಯತ್ಯಾಸವೇ ಅರ್ಧ ರೋಗನಿರ್ಣಯ. ಮಧ್ಯಾಹ್ನ 0.70, ಬೆಳಗಿನ ಜಾವ 0.82 ಅಂದ್ರೆ ಬಿಸಿಲಿನ ಹೊಡೆತಕ್ಕೆ ಗಿಡ ತಾತ್ಕಾಲಿಕವಾಗಿ ತಗ್ಗಿದೆ, ರಾತ್ರಿ ಸುಧಾರಿಸ್ಕೊಂಡಿದೆ, ಚಿಂತೆ ಇಲ್ಲ. ಬೆಳಗಿನ ಜಾವದಲ್ಲೂ 0.70 ಅಂದ್ರೆ ಮಾತ್ರ ಒಳಗೆ ಪೆಟ್ಟು ಬಿದ್ದಿದೆ ಅಂತ ಲೆಕ್ಕ.

ಬರೀ ಅನುಪಾತ ಬರ್ಕೊಂಡು ಎಫ್‌ಓ, ಎಫ್‌ಎಂ ಬಿಡೋರಿಗೆ ಒಂದು ಮಾತು: ಅನುಪಾತಕ್ಕಿಂತ ಆ ಎರಡೇ ಜಾಸ್ತಿ ಮಾತಾಡೋದು. ಎಫ್‌ಓ ಮತ್ತು ಎಫ್‌ಎಂ ಎರಡೂ ಒಂದೇ ಪ್ರಮಾಣದಲ್ಲಿ ಕುಸಿದು ಅನುಪಾತ ಹಾಗೇ ಇದ್ರೆ ಎಲೆ ಮೀಟರ್ ನೋಡೋ ತೂತನ್ನ ಪೂರ್ತಿ ಮುಚ್ಚಿಲ್ಲ, ಇಲ್ಲಾ ಲೆನ್ಸ್ ಕೊಳೆ. ಎಫ್‌ಓ ಸರಿ ಇದ್ದು ಎಫ್‌ಎಂ ಮಾತ್ರ ಕಮ್ಮಿ ಅಂದ್ರೆ ಕತ್ತಲು ಸಾಲ್ದು ಅಥವಾ ಫ್ಲ್ಯಾಶ್ ಸಾಲ್ದು, ಬ್ಯಾಟರಿ ನೋಡಿ, ಪೂರ್ತಿ ಮಧ್ಯಾಹ್ನದ ಬಿಸಿಲೇ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಇರತ್ತೆ, ಫ್ಲ್ಯಾಶ್ ಅದಕ್ಕಿಂತ ಚೆನ್ನಾಗಿ ಮೇಲಿರ್ಬೇಕು. ಎಫ್‌ಓ ಏರಿ ಎಫ್‌ಎಂ ಇಳಿದ್ರೆ, ಸೋರಿಕೆ ಇಲ್ಲ ಅಂತ ಖಾತ್ರಿ ಆದ್ಮೇಲೆ, ಆಗ ನಿಜವಾದ ಗಾಯ.

ಇದಕ್ಕೆ ಉಲ್ಟಾ ತೊಂದ್ರೆನೂ ಇದೆ. ಎಫ್‌ವಿ ಬೈ ಎಫ್‌ಎಂ ಸ್ವಲ್ಪ ಮೊಂಡು, ತಾಮ್ರದ ಹೊಡೆತ ಮೊದ್ಲು ಬೀಳೋದು ಬೇರಿಗೆ, ಎಲೆಗೆ ಬಂದು ಈ ಸಂಖ್ಯೆ ಅಲ್ಲಾಡೋ ಹೊತ್ತಿಗೆ ಗಿಡ ಬೆಳೆಯೋದೇ ನಿಲ್ಲಿಸಿರತ್ತೆ. ನಿಮ್ಮ ಮೀಟರ್ ಮಿನುಗು ಏರೋ ಪೂರ್ತಿ ಗೆರೆಯನ್ನ ಕೊಡತ್ತೆ ಅಂದ್ರೆ, 2 ಮಿಲಿಸೆಕೆಂಡ್ ಹತ್ರ ಬರೋ ಮೆಟ್ಟಿಲು ಎತ್ತರ ಆಗಿದ್ಯಾ ನೋಡಿ, ಅದು ಮುಂಚೆನೇ ಸುಳಿವು ಕೊಡತ್ತೆ. ಕೊಡದಿದ್ರೆ ಸ್ಕೇಲ್ ತಗೊಂಡು ಗಿಡದ ಎತ್ತರ ಅಳೀರಿ, ನಾಚಿಕೆ ಏನಿಲ್ಲ.

ಮೇಲಿಂದ ನೋಡೋ ಎನ್‌ಡಿವಿಐ

ನಮ್ಮ ಕೆಂಪು ಮಣ್ಣಿಗೂ ಎನ್‌ಡಿವಿಐಗೂ ಆಗಿ ಬರಲ್ಲ. ಒಂದು ಲೆಕ್ಕ ಹಾಕ್ತೀನಿ, ಸಂಖ್ಯೆ ಉದಾಹರಣೆಗೆ ಅಷ್ಟೇ. ತುಂಬಿದ ಹಸಿರು ಕೆಂಪು ಬೆಳಕನ್ನ 8 ಶೇಕಡಾ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನ್ನ 40 ಶೇಕಡಾ ವಾಪಸ್ ಕಳಿಸ್ತು ಅಂತಿಟ್ಕೊಳಿ, ವ್ಯತ್ಯಾಸ 32, ಮೊತ್ತ 48, ಭಾಗಿಸಿದ್ರೆ ಎನ್‌ಡಿವಿಐ 0.67. ಒಣ ಕೆಂಪು ಮಣ್ಣು ಕೆಂಪನ್ನ 20, ಇನ್‌ಫ್ರಾರೆಡ್ 28 ಕಳಿಸ್ತು ಅಂದ್ರೆ, ಅರ್ಧ ಗಿಡ ಅರ್ಧ ಮಣ್ಣು ಕಾಣೋ ಪ್ಲಾಟಲ್ಲಿ 14 ಮತ್ತು 34, ಎನ್‌ಡಿವಿಐ 0.42. ರಾತ್ರಿ ಮಳೆ ಬಂದು ಅದೇ ಮಣ್ಣು ಕಪ್ಪಾಗಿ 10 ಮತ್ತು 15ಕ್ಕೆ ಇಳೀತು, ಈಗ 9 ಮತ್ತು 27.5, ಎನ್‌ಡಿವಿಐ 0.51. ಗಿಡ ಅದೇ, ಎಲೆ ಅದೇ, ಒಂದು ಮಳೆಗೆ 0.42 ಹೋಗಿ 0.51 ಆಯ್ತು, ನೀವು ಹಾಕಿದ ಗೊಬ್ಬರ ಕೆಲಸ ಮಾಡ್ತು ಅಂತ ವರದಿ ಬಂತು. ಹಾಗಾಗಿ ಮಣ್ಣಿನ ತೇವ ಪ್ರತಿಸಲ ಬರ್ಕೊಳಿ, ಆದಷ್ಟು ಒಂದೇ ಸ್ಥಿತಿಲಿ ಅಳೀರಿ, ಗಿಡ ನೆಲ ಮುಚ್ಚೋ ತನಕ ಎನ್‌ಡಿವಿಐನ ಆರೋಗ್ಯದ ಸಂಖ್ಯೆ ಅಂತ ತಗೋಬೇಡಿ, ಅದು ಎಷ್ಟು ನೆಲ ಮುಚ್ಚಿದೆ ಅನ್ನೋ ಸಂಖ್ಯೆ. ಪೂರ್ತಿ ಮುಚ್ಚಿ ದಟ್ಟ ಆದ್ಮೇಲೆ ಇನ್ನೊಂದು ಕಥೆ, ಸಂಖ್ಯೆ ಮೇಲೆ ಹೋಗಿ ಅಂಟ್ಕೊಂಡು ಕೂರತ್ತೆ, ಗಿಡ ಸ್ವಲ್ಪ ಸೊರಗಿದ್ರೂ ಕಾಣಲ್ಲ.

ಕಳೆ ಕೂಡ ಹಸಿರೇ. ಲಾವಂಚ ಸತ್ತ ಜಾಗದಲ್ಲಿ ಕಾಂಗ್ರೆಸ್ ಗಿಡ ಎದ್ರೆ ಸೆನ್ಸರಿಗೆ ಭಾರಿ ಸಂತೋಷ.

ತನ್ನದೇ ಬೆಳಕು ಇರೋ ಸೆನ್ಸರ್ ಆದ್ರೆ ಮೋಡದ ಚಿಂತೆ ಇಲ್ಲ. ಕ್ಯಾಮೆರಾ ಆದ್ರೆ ಸೂರ್ಯನ ಬೆಳಕೇ ಗತಿ, ಜುಲೈಲಿ ಒಂದು ನಿಮಿಷ ಬಿಸಿಲು ಒಂದು ನಿಮಿಷ ಮೋಡ, ಪ್ರತಿ ಪ್ಲಾಟಿಗೂ ಮುಂಚೆ ಬಿಳಿ ಪ್ಯಾನೆಲ್ ಫೋಟೋ ತಗೊಳ್ದೇ ಇದ್ರೆ ಆ ಫೋಟೋಗಳನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕೋಕೆ ಮಾತ್ರ ಉಪಯೋಗ.

ಸರಿ, ಗಿಡ ನಿಜಕ್ಕೂ ಸೊರಗಿದೆ. ತಾಮ್ರವೇನಾ?

ಇಲ್ಲಿಗೆ ಬರೋ ಹೊತ್ತಿಗೆ ಮುಕ್ಕಾಲು ಪಾಲು "ದೋಷ" ಮಾಯ ಆಗಿರತ್ತೆ. ಉಳಿದಿದ್ದಕ್ಕೆ ಮೀಟರ್ ಕೆಳಗಿಟ್ಟು ಕಣ್ಣು ಬಳಸಿ.

ಹಳದಿ ಎಲ್ಲಿಂದ ಶುರುವಾಗಿದೆ? ಕೆಳಗಿನ ಹಳೇ ಎಲೆಯಿಂದ ಮೇಲಕ್ಕೆ ಬರ್ತಿದ್ರೆ ಸಾರಜನಕದ ಕೊರತೆ, ಮಳೆಗೆ ಯೂರಿಯಾ ಎಲ್ಲ ತೊಳ್ಕೊಂಡು ಹೋಗಿರತ್ತೆ. ಹೊಸ ಎಲೇಲಿ ನರ ಹಸಿರಾಗೇ ಉಳಿದು ನಡುವಿನ ಜಾಗ ಹಳದಿ ಆಗಿದ್ರೆ ಕಬ್ಬಿಣದ ಕೊರತೆ, ಮತ್ತೆ ತಾಮ್ರ ಜಾಸ್ತಿ ಆದಾಗ ಆಗೋದೂ ಇದೇ, ತಾಮ್ರ ಬೇರನ್ನ ಕೆಡಿಸಿ ಕಬ್ಬಿಣ ಒಳಗೆ ಬರದಂಗೆ ಮಾಡತ್ತೆ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಹಾಗಾಗಿ ಇಲ್ಲಿ ಕಬ್ಬಿಣದ ಕೊರತೆ ಕಂಡ್ರೆ ಯಾರೋ ಅಡ್ಡ ನಿಂತಿದಾರೆ ಅಂತಲೇ ಅರ್ಥ, ಬೋರ್ಡೋ ಕಟ್ಟೆ ಪಕ್ಕ ಆದ್ರೆ ತಾಮ್ರ, ಇಲ್ಲಾ ಗಸಿ ಸುರಿದು ಸುರಿದು ಸುಣ್ಣವೇ ಜಾಸ್ತಿ ಆಗಿರೋದು. ಇವೆರಡರ ಜಗಳ ಬಿಡಿಸೋದು ಮಣ್ಣಿನ ಪಿಎಚ್: 7.5ಕ್ಕಿಂತ ಮೇಲೆ ಅಂದ್ರೆ ಸುಣ್ಣದ ಮೇಲೆ ಅನುಮಾನ, 5.5ರ ಹತ್ರ ಹುಳಿ ಮಣ್ಣು ಅಂದ್ರೆ ತಾಮ್ರ ಕರಗಿ ಗಿಡಕ್ಕೆ ಸಿಗ್ತಾ ಇದೆ.

ಕಬ್ಬಿಣ ಹೌದೋ ಅಲ್ವೋ ಅನ್ನೋಕೆ ಬ್ರಷ್ ಟೆಸ್ಟ್ ಮಾಡಿ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಒಂದೆರಡು ಹನಿ ನಿಂಬೆಹುಳಿ, ಆಗಲೇ ಕಲಸಿದ್ದು, ಹಳದಿ ಆದ ಸಾಸಿವೆ ಎಲೆಯ ಅರ್ಧಕ್ಕೆ ಮಾತ್ರ ಸಂಜೆ ಹೊತ್ತು ಹಚ್ಚಿ, ಇನ್ನರ್ಧಕ್ಕೆ ಬರೀ ನೀರು. ವಾರ ಹತ್ತು ದಿನಕ್ಕೆ ಹಚ್ಚಿದ ಅರ್ಧದ ಸ್ಪ್ಯಾಡ್ ಏರಿ ಪಕ್ಕದ ಅರ್ಧ ಹಾಗೇ ಇದ್ರೆ ಕೊರತೆ ಕಬ್ಬಿಣದ್ದೇ. ಒಂದೇ ಎಲೇಲಿ ಎರಡು ಸಂಖ್ಯೆ, ನಡುನರದ ಈ ಕಡೆ ಒಂದು ಆ ಕಡೆ ಒಂದು, ಇದಕ್ಕಿಂತ ಚಂದದ ಕಂಟ್ರೋಲ್ ಪ್ಲಾಟ್ ಇಲ್ಲ.

ನೆರಳನ್ನೂ ಮರೀಬೇಡಿ. ಲಾವಂಚಕ್ಕೆ ನೆರಳು ಆಗಲ್ಲ, ಅಡಿಕೆ ಮರದ ಕೆಳಗೆ ನೆಟ್ಟು ಬಡವಾಗಿದೆ ಅಂದ್ರೆ ತಾಮ್ರಕ್ಕೆ ಯಾಕೆ ಬೈತೀರಿ. ಸಾಸಿವೆ ಬುಡದಲ್ಲಿ ನೀರು ನಿಂತ್ರೆ ಬೇರು ಉಸಿರು ಕಟ್ಟಿ ಇದೇ ಥರ ಹಳದಿ ಆಗತ್ತೆ, ಕಿತ್ತು ನೋಡಿ, ಕಪ್ಪಾಗಿ ನಾರ್ತಾ ಇದ್ರೆ ನೀರು, ಗಿಡ್ಡವಾಗಿ ದಪ್ಪಗೆ ಕವಲಿಲ್ಲದೇ ಕಂದು ಬಣ್ಣಕ್ಕೆ ತಿರುಗಿದ್ರೆ ತಾಮ್ರ. ಹೋಲಿಕೆಗೆ ಪಕ್ಕದ ಅಡಿಕೆ ಸಸಿ ನೋಡೋರು ಇನ್ನೂ ಹುಷಾರಾಗಿರಿ, ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಎರಡೂ ಈ ಸೀಮೆಲಿ ಓಡಾಡ್ತಿದೆ, ಅಡಿಕೆ ಎಲೆ ಹಳದಿ ಅಂತ ಬೋರ್ಡೋ ಕಟ್ಟೆನ ದೂರೋದಲ್ಲ.

ಕೊನೇಗೆ ಲ್ಯಾಬ್. ಫಿಲ್ಮ್ ಇಲ್ಲದ ಹೊಸ ಎಲೆ, ಚೆನ್ನಾಗಿ ತೊಳೆದದ್ದು, ಒಣಗಿಸಿ ಕಳ್ಸಿ. ಬಹಳಷ್ಟು ಬೆಳೆಗೆ ಒಣ ಎಲೆಯ ಕೆಜಿಗೆ 20ರಿಂದ 30 ಮಿಲಿಗ್ರಾಂ ದಾಟಿದ್ರೆ ತಾಮ್ರ ಜಾಸ್ತಿ ಅಂತ ಗಣನೆ. ಬೇರನ್ನೂ ಬೇರೆ ಕವರಲ್ಲಿ ಕಳ್ಸಿ, ತಾಮ್ರ ಹೆಚ್ಚಿನ ಪಾಲು ಬೇರಲ್ಲೇ ಕೂರೋದು, ಬರೀ ಎಲೆ ನೋಡಿದ್ರೆ ಏನೂ ಇಲ್ಲ ಅನ್ಸತ್ತೆ.

ರೀಡಿಂಗ್ ಚೆನ್ನಾಗಿದೆ, ಅದೇ ದೋಷ

ಇದನ್ನ ಯಾರೂ ದೋಷ ಅಂತ ನೋಡಲ್ಲ, ಅದಕ್ಕೇ ಇದು ಜಾಸ್ತಿ ಅಪಾಯ. ಹುಳಿ ಮಣ್ಣಿಗೆ ಸುಣ್ಣ, ಕೊಟ್ಟಿಗೆ ಗೊಬ್ಬರ ಹಾಕಿದ್ರಿ, ತಾಮ್ರ ಮಣ್ಣಿಗೆ ಗಟ್ಟಿಯಾಗಿ ಅಂಟ್ಕೊಂಡು ಗಿಡಕ್ಕೆ ಸಿಗೋದು ಕಮ್ಮಿ ಆಯ್ತು, ಎರಡು ತಿಂಗಳಲ್ಲಿ ಸ್ಪ್ಯಾಡ್ ಏರ್ತು, ಫ್ಲೋರೊಸೆನ್ಸ್ ಸರಿಹೋಯ್ತು, ಪ್ಲಾಟ್ ಹಸಿರೋ ಹಸಿರು. ಒಳ್ಳೇ ಕೆಲಸವೇ, ಬಸಿಗಾಲುವೆಗೆ ಇಳಿಯೋದು ಕಮ್ಮಿ ಆಗತ್ತೆ, ಅಲ್ಲಿಂದ ಹಳ್ಳ, ಹಳ್ಳದಿಂದ ತುಂಗೆ ಶರಾವತಿಗೆ ಹೋಗೋದು ತಪ್ಪತ್ತೆ. ಆದ್ರೆ ಮಣ್ಣಲ್ಲಿರೋ ಒಟ್ಟು ತಾಮ್ರ ಒಂದು ಗ್ರಾಂ ಕೂಡ ಕಮ್ಮಿ ಆಗಿಲ್ಲ. ಲಾವಂಚವಂತೂ ಹುಟ್ಟಾ ಗಟ್ಟಿಗ, ತಾಮ್ರವನ್ನ ಬೇರಲ್ಲೇ ತಡೆದು ಮೇಲೆ ಹಸಿರಾಗಿ ನಿಂತಿರತ್ತೆ, ಅದ್ರ ಮುಖ ನೋಡಿ ಮಣ್ಣಿನ ಸ್ಥಿತಿ ಹೇಳೋಕೆ ಆಗಲ್ಲ. ನಾಲ್ಕು ವರ್ಷ ಆದ್ಮೇಲೆ ಆ ಮಣ್ಣು ಮತ್ತೆ ಹುಳಿಗೆ ತಿರುಗಿದ್ರೆ, ನಮ್ಮ ಮಳೆಗೆ ತಿರುಗೇ ತಿರುಗತ್ತೆ, ತಾಮ್ರ ಮತ್ತೆ ಎದ್ದು ಬರತ್ತೆ.

ಹಾಗಾಗಿ ಮಣ್ಣಿನ ಟೆಸ್ಟ್ ಫಾರಂ ತುಂಬುವಾಗ ಎರಡೂ ಕೇಳಿ, ಗಿಡಕ್ಕೆ ಸಿಗೋ ತಾಮ್ರ ಅಂದ್ರೆ ಡಿಟಿಪಿಎ ತಾಮ್ರ, ಮತ್ತೆ ಒಟ್ಟು ತಾಮ್ರ. ಮೊದಲನೇದು ಮಾತ್ರ ಇಳಿದಿದ್ರೆ ನೀವು ಬೀಗ ಹಾಕಿದೀರಿ ಅಂತ, ಎರಡನೇದೂ ಇಳಿದಿದ್ರೆ ಮಾತ್ರ ಹೊರಗೆ ತೆಗೆದಿದೀರಿ ಅಂತ. ಕತ್ತರಿಸಿದ ಸಾಸಿವೆ ಸೊಪ್ಪನ್ನ ದನಕ್ಕೆ ಹಾಕ್ಬೇಡಿ, ಅದೇ ತೋಟದ ಗೊಬ್ಬರಗುಂಡಿಗೂ ಹಾಕ್ಬೇಡಿ, ಹಾಕಿದ್ರೆ ಎಳೆದ ತಾಮ್ರ ಗೊಬ್ಬರದ ಬುಟ್ಟಿಲಿ ಕೂತು ಮತ್ತೆ ಅಡಿಕೆ ಬುಡಕ್ಕೆ ಬರತ್ತೆ. ಮತ್ತೆ ಡ್ರಮ್ ತೊಳೆಯೋ ಜಾಗಕ್ಕೆ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿ, ಅದನ್ನ ಕಟ್ಟಿಸೋ ತನಕ ಪ್ರತಿ ಮಳೆಗಾಲದ ಮೊದಲ ರೀಡಿಂಗನ್ನ ಹಿಂದಿನ ವರ್ಷದ ಜೊತೆ ಹೋಲಿಸೋದೇ ದಂಡ, ಒಂದು ಕಡೆ ಎಳೀತಾ ಇನ್ನೊಂದು ಕಡೆ ಸುರೀತಾ ಇರ್ತೀರಿ.